ದೊಡ್ಡ ಚಿಲಕ

ಚಿಕ್ಕ ಚಿಲಕಕ್ಕೆ ನಲವತ್ತು, ದೊಡ್ಡದಕ್ಕೆ ನೂರ ಹತ್ತು ಎಂದ ಅಂಗಡಿಯವನು. ಕತ್ತರಿಯನ್ನು ಸಾಣೆಗೆ ಕೊಟ್ಟು ಕಾಯುತ್ತಿದ್ದ ದರ್ಜಿ ಹೆಂಗಸು ಪಕ್ಕದಲ್ಲಿದ್ದ ಅತ್ತೆ ಸೊಸೆಯರತ್ತ ಕಿವಿಗೊಟ್ಟಳು. ಸೊಸೆಯ ತುಟಿ ಒಡೆದು ಊದಿತ್ತು.

"ಚಿಕ್ಕದೇ ಸಾಕು ಅತ್ತೆ."

"ಮೊನ್ನೆ ಒಂದೇ ಒದೆಗೆ ಕಿತ್ತುಬಂದಿದ್ದು ಅದೇ ತಾನೇ?"

"ದೊಡ್ಡದು ಹಾಕಿದ್ರೆ ಅವರಿಗೆ ಇನ್ನೂ ಸಿಟ್ಟು ಬರುತ್ತೆ."

"ಬರ್ಲಿ. ಅವನಪ್ಪ ನನ್ನ ತಲೆನ ಗೋಡೆಗೆ ಬಡೀತಿದ್ದ. ನಾನು ಜಾರಿ ಬಿದ್ದೆ ಅಂತ ಊರಿಗೆಲ್ಲ ಹೇಳ್ತಿದ್ದೆ. ಅದನ್ನ ನೋಡ್ಕೊಂಡೇ ಇವನು ಬೆಳೆದ."

"ಪುಟ್ಟಿ ಮಾತೇ ಬಿಟ್ಟಿದಾಳೆ ಅತ್ತೆ. ಬಾಗಿಲು ಸದ್ದಾದ್ರೆ ನಿಂತಲ್ಲೇ ಉಚ್ಚೆ ಮಾಡ್ಕೋತಾಳೆ."

"ಅದಕ್ಕೇ ಕಣೇ ಬಂದಿದ್ದು. ದೊಡ್ಡದೇ ಕೊಡಪ್ಪ."

ಅಂಗಡಿಯವನು ನಕ್ಕ. "ಕಳ್ಳರ ಕಾಟವೇನಮ್ಮಾ?"

"ಕಳ್ಳ ಆಗಿದ್ರೆ ಸಾಮಾನು ತಗೊಂಡು ಸುಮ್ಮನೆ ಹೋಗ್ತಿದ್ದ."

"ನಮ್ಮ ರೂಮಿನ ಬಾಗಿಲು ಇದನ್ನ ತಡೆಯುತ್ತಾ ಅತ್ತೆ?"

"ರೂಮಿಗಲ್ಲ ಕಣೇ. ಮುಂಬಾಗಿಲಿಗೆ, ಒಳಗಡೆಯಿಂದ."

"ಹಾಗಾದ್ರೆ ಅವರು?"

"ಹೊರಗೆ. ಮನೆ ನನ್ನ ಹೆಸರಲ್ಲಿದೆ. ಮೊಳೆ ಎಣಿಸ್ಕೊ, ನಡಿ."

ಇಬ್ಬರೂ ಹೊರಟರು. ಅತ್ತೆ ಮಗನನ್ನು ಬಿಟ್ಟುಕೊಟ್ಟು, ಸೊಸೆಯನ್ನೂ ಮೊಮ್ಮಗಳನ್ನೂ ಉಳಿಸಿಕೊಂಡಿದ್ದಳು.