ಮಾವನ ಸೀಳು, ಅಳಿಯನ ಚೌಕ

ಹಲ್ಲಿನ ಡಾಕ್ಟರ ಬಾಗಿಲಲ್ಲಿ ಏಳೇಳು ಜನ್ಮದಿಂದ ಕಾಯುತ್ತಿದ್ದ ನಮ್ಮ ನಡುವೆ, ಊದಿದ ಕೆನ್ನೆಗೇ ಒಂದು ಕುರ್ಚಿ ಬೇಕಾಗಿದ್ದ ಒಬ್ಬ ಮಾವ, ಪಕ್ಕದಲ್ಲಿ ಅವರ ಅಳಿಯ ಕೂತಿದ್ದರು. ಎಳೆಗೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆ ತಯಾರಿಸುವುದು ಅವರ ಕಸುಬು. ಅದರೊಳಗೆ ಗಾಳಿ ಹೇಗೆ ಹರಿಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅಳಿಯನದು.

“ಲೆಕ್ಕದ ಪ್ರಕಾರ ಕೂಸಿನ ಹತ್ರ ಗಾಳೀನೇ ಸುಳೀತಿಲ್ಲ ಮಾವ. ಮುಚ್ಚಳಕ್ಕೆ ತೂತು ಹಾಕಲೇಬೇಕು.”

“ಹಾಕೋಕೆ ಕೆಲಸದವನಿಗೆ ಹೇಳೇ ಬಂದಿದೀನಿ. ಆದ್ರೆ ಶಾಖ ಎಲ್ಲಾ ಅಲ್ಲೇ ಸೋರಿಹೋಗತ್ತೆ, ಅದೇ ಹೊಟ್ಟೆಯುರಿ. ಗಾಳಿಗೆ ಅಂತ ತಳದಲ್ಲಿ ಸೀಳು ಬಿಟ್ಟಿದ್ನಲ್ಲ ಅಳಿಯಂದ್ರೆ?”

“ಇದೆಯಲ್ಲ, ಉಗುರಿನಷ್ಟು ತೆಳ್ಳಗೆ. ತೋರಿಸ್ತೀನಿ ಇರಿ.”

ಲ್ಯಾಪ್‌ಟಾಪ್ ತೆರೆದ ಅಳಿಯನ ಮುಖ ಗೋಡೆಯ ಸುಣ್ಣಕ್ಕಿಂತ ಬಿಳಿಚಿಕೊಂಡಿತು.

“ಏನಾಯ್ತು?”

“ಲೆಕ್ಕಕ್ಕೆ ಜಾಗಾನ ಚೌಕ ಚೌಕವಾಗಿ ಹೋಳು ಮಾಡ್ತೀವಿ ಮಾವ. ಬೇಗ ಮುಗೀಲಿ ಅಂತ ಒಂದೊಂದೂ ಹೆಬ್ಬೆರಳಿನಷ್ಟು ಮಾಡ್ಬಿಟ್ಟೆ. ಸೀಳು ಅದರೊಳಗೇ ಮುಳುಗಿದೆ. ಕಂಪ್ಯೂಟರು ಅದನ್ನ ಗೋಡೆ ಅಂದ್ಕೊಂಡಿದೆ.”

ಮಾವ ಫೋನೆತ್ತಿ ಏಳೂರಿಗೆ ಕೇಳುವಂತೆ ಹೇಳಿದರು:

“ಡ್ರಿಲ್ ಕೆಳಗಿಡಯ್ಯಾ. ಇನ್ನೂ ಶುರು ಮಾಡಿಲ್ವಾ? ಬದುಕಿದೆ.”

ಆಮೇಲೆ ಅಳಿಯನತ್ತ ತಿರುಗಿದರು.

“ಎಲ್ಲಾ ಚೌಕಾನೂ ಸಣ್ಣ ಮಾಡಿ ಮತ್ತೆ.”

“ಹಾಗೆ ಮಾಡಿದ್ರೆ ನಿಮ್ಮ ಮೊಮ್ಮಗನ ಮದುವೆಗೂ ಲೆಕ್ಕ ಮುಗಿಯಲ್ಲ. ಸೀಳಿನ ಸುತ್ತ ಮಾತ್ರ ಸಣ್ಣ ಮಾಡ್ತೀನಿ, ಮಿಕ್ಕ ಕಡೆ ದೊಡ್ಡದೇ ಇರ್ಲಿ.”

ಒಳಗಿನಿಂದ ಮಾವನಿಗೆ ಕರೆ ಬಂತು. ಕೆನ್ನೆ ಹಿಡಿದುಕೊಂಡು ಎದ್ದರು.

“ಡಾಕ್ಟ್ರಿಗೂ ಅದನ್ನೇ ಹೇಳಿ ಬನ್ನಿ ಅಳಿಯಂದ್ರೆ. ನೋವಿರೋ ಹಲ್ಲನ್ನ ಮಾತ್ರ ಹತ್ತಿರದಿಂದ ನೋಡ್ಲಿ, ಮಿಕ್ಕ ಬಾಯಿ ತಂಟೆಗೆ ಹೋಗೋದು ಬೇಡ.”