ವಾರಕ್ಕೆ ನಲವತ್ತೆಂಟು

ಹದಿನೈದಾ? ನಲವತ್ತೆಂಟರಿಂದ ಸೀದಾ ಹದಿನೈದಕ್ಕಾ? ನಿಕೆನ್, ಆ ಕಾಗದ ಮಡಚಿ ಚೀಲದೊಳಗೆ ಇಟ್ಕೋ ತಾಯಿ. ಭಾನುವಾರ ಬೆಳಗ್ಗೆ ಆರು ಗಂಟೆ. ಮನುಷ್ಯ ಇನ್ನೂ ಲುಂಗಿಯಲ್ಲಿದಾನೆ, ಹಲ್ಲುಜ್ಜಿಲ್ಲ, ಪಂಜರದ ಬೆಳವಕ್ಕೆ ನೀರು ಹಾಕಿಲ್ಲ. ಅಷ್ಟರಲ್ಲಿ ಗೇಟು ತಟ್ಟಿ, "ಪಾಕ್ ವಗಿಮಾನ್, ನೀವಿನ್ನು ವಾರಕ್ಕೆ ಹದಿನೈದು ಕಿಲೋಮೀಟರ್ ಓಡಿದ್ರೆ ಸಾಕು, ಅದೂ ಅರ್ಧ ನಡೆದು" ಅಂತೀಯಲ್ಲ... ಇದನ್ನ ಹೇಳೋಕೆ ಅಷ್ಟು ದೂರದಿಂದ ಸೈಕಲ್ ತುಳ್ಕೊಂಡು ಬಂದ್ಯಾ?

ಇಲ್ಲ, ಬೈತಿಲ್ಲ. ಕೂತ್ಕೋ. ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡತ್ತೆ. ಇಲ್ಲಿ ಕೂತ್ಕೋ, ಬೀದಿಗೆ ಬೆನ್ನು ಹಾಕಿ. ಬಿಸಿಲು ಕಣ್ಣಿಗೆ ಹೊಡೆಯಲ್ಲ. ಟೀ ಕುಡಿ, ನಾನೇ ಮಾಡಿದ್ದು. ಸಕ್ಕರೆ ಡಬ್ಬಿ ಎಲ್ಲಿಟ್ಟಿದಾಳೋ ಸಿಗಲಿಲ್ಲ, ಬೆಲ್ಲ ಹಾಕಿದೀನಿ. ಯಾಕೆ ಮುಖ ಹಂಗೆ ಮಾಡ್ತೀಯ? ಜಾಸ್ತಿ ಆಯ್ತಾ?

ಯಾರು, ಬೂ ವಗಿಮಾನಾ, ನನ್ನ ಹೆಂಡತೀನಾ? ಅವಳು ಮನೇಲಿಲ್ಲ. ಮಾರ್ಕೆಟ್ಟಿಗೆ ಹೋಗಿದಾಳೆ. ಹೌದು, ಇಷ್ಟು ಬೆಳಗ್ಗೇನೇ. ಸೊಪ್ಪು ತಾಜಾ ಸಿಗತ್ತಲ್ಲ. ಯಾವಾಗ ಬರ್ತಾಳೋ ಹೇಳೋಕಾಗಲ್ಲ, ನೀನು ಅವಳಿಗೋಸ್ಕರ ಕಾಯೋದೇನೂ ಬೇಡ. ಟೀ ಕುಡಿದು ಹೊರಡು, ನಿಂಗೂ ಕೆಲಸ ಇರತ್ತೆ.

ಸರಿ ಹೇಳು, ನನ್ನ ಓಟದಲ್ಲಿ ನಿಂಗೆ ಕಂಡ ತಪ್ಪೇನು? ವಯಸ್ಸು ಅರವತ್ತಮೂರು. ಹೌದು. ಎದೆಯೊಳಗೆ ಸ್ಟೆಂಟ್ ಇದೆ. ಅದೂ ಹೌದು, ಇಡೀ ಬೀದಿಗೇ ಗೊತ್ತು. ಮೂರು ತಿಂಗಳ ಹಿಂದೆ ಸೊನ್ನೆ, ಈಗ ನಲವತ್ತೆಂಟು. ಅದಕ್ಕೇನೀಗ? ನಿನ್ನ ಪಾಠ ಎಲ್ಲಾ ನಂಗೆ ಬಾಯಿಪಾಠ. ವಾರಕ್ಕೆ ಒಂದು, ಜಾಸ್ತಿ ಅಂದ್ರೆ ಒಂದೂವರೆ ಏರಿಸಬೇಕು. ಮೂರು ವಾರ ಏರಿಸಿದ್ರೆ ನಾಲ್ಕನೇ ವಾರ ಇಳಿಸಬೇಕು. ಮೊಣಕಾಲು ಏನನ್ನತ್ತೆ ಕೇಳಬೇಕು, ನಿದ್ದೆ ಎಷ್ಟು ಬಂತು ನೋಡಬೇಕು. ಪಕ್ಕದವರ ನಂಬರ್ ನೋಡಿ ನಮ್ಮ ನಂಬರ್ ಬರೀಬಾರದು, ನಮ್ಮ ಕಾಲಿಗೆ ತಕ್ಕಷ್ಟೇ ಆಸೆ ಇಟ್ಕೋಬೇಕು. ತಿಂಗಳಿಗೊಂದು ಸಲ ಮೈದಾನದಲ್ಲಿ ನೀನು ನಮ್ಮ ಓಟದ ಬಳಗಕ್ಕೆ ಇದನ್ನೆಲ್ಲ ಹೇಳೋವಾಗ ಮುಂದಿನ ಸಾಲಲ್ಲಿ ಕೂತು ತಲೆ ಆಡಿಸೋನು ನಾನೇ ತಾನೇ? ಆದ್ರೆ ಅದು ಮಾಮೂಲಿ ಜನಕ್ಕೆ ಹೇಳೋ ಮಾತು. ನನಗಲ್ಲ.

ಮೂವತ್ತೆರಡು ವರ್ಷ ರೈಲ್ವೆ ಗೇಟು ಕಾದೋನು ನಾನು. ಒಂದು ದಿನ, ಒಂದೇ ಒಂದು ದಿನ ಗೇಟು ತಡವಾಗಿ ಇಳಿಸಿದೀನಾ? ನಿಮ್ಮಪ್ಪನ್ನ ಕೇಳು. ಅವನ ಇಂಜಿನ್ ದೂರದಲ್ಲಿ ಕೂಗಿದ್ರೆ ಸಾಕು, ನನ್ನ ಕೈ ಹಿಡಿಕೆ ಮೇಲಿರ್ತಿತ್ತು. ಅಂಥ ಶಿಸ್ತು ಇರೋ ಮೈ ಇದು... ಏನಂದೆ? ಮೂವತ್ತೆರಡು ವರ್ಷ ಕೂತೇ ಇದ್ದಿದ್ದಕ್ಕೇ ಹುಷಾರಾಗಿರಬೇಕಾ? ಕೂತಿದ್ದೆ ಅಂತ ಯಾರಂದ್ರು? ಏಳ್ತಿದ್ದೆ, ಕೂರ್ತಿದ್ದೆ, ಏಳ್ತಿದ್ದೆ. ದಿನಕ್ಕೆ ನಲವತ್ತು ರೈಲು. ನಿಮ್ಮಪ್ಪನಿಗೆ ಹೇಳು, ಅವನೂ ಕೂತೇ ಓಡಿಸ್ತಿದ್ದದ್ದು ಅಂತ.

ಎದೆಬಡಿತ ನೋಡಿದ್ಯಾ, ನನ್ನ ವಾಚು ಕಳಿಸೋದೆಲ್ಲ ನಿನ್ನ ಫೋನಲ್ಲೇ ಇದೆಯಲ್ಲ? ಸೇತುವೆ ಏರಿನಲ್ಲೂ ನೂರ ಮೂವತ್ತು ದಾಟಲ್ಲ. ಅದೇ ವಿಚಿತ್ರ ಅಂತೀಯಾ? ನನ್ನ ಎದೆ ಚೆನ್ನಾಗಿದ್ರೆ ನಿಂಗ್ಯಾಕಮ್ಮ ವಿಚಿತ್ರ? ಸಂತೋಷ ಪಡಬೇಕು. ಇನ್ನೇನು? ಮ್ಯಾಪಾ? ದಿನಾ ಮಾರ್ಕೆಟ್ ಬಾಗಿಲಲ್ಲೇ ಓಟ ಮುಗಿಯತ್ತೆ, ಮನೆ ಹತ್ರ ಯಾಕೆ ಮುಗಿಯಲ್ಲ ಅಂತಾನಾ? ಅಲ್ಲಿಂದ ನಡ್ಕೊಂಡು ಬರ್ತೀನಿ, ಮೈ ತಣಿಯೋಕೆ. ನೀನೇ ಹೇಳಿಕೊಟ್ಟಿದ್ದು. ಹೇಳಿದ್ದು ಕೇಳಿದ್ರೂ ತಪ್ಪು, ಕೇಳದಿದ್ರೂ ತಪ್ಪು.

ಗೊತ್ತು, ನಿನ್ನ ತಲೇಲಿ ಏನು ಓಡ್ತಿದೆ ಅಂತ. ಆ ಜಕಾರ್ತಾದವರು, ದುಡ್ಡು ಕೊಟ್ಟು ಬೇರೆಯವರ ಕೈಗೆ ತಮ್ಮ ವಾಚು ಕಟ್ಟಿ ಓಡಿಸ್ತಾರಂತಲ್ಲ. ಜೋಕಿ ಅಂತಾರೆ. ಇವರು ಏಸಿ ಕೆಳಗೆ ಬಿದ್ದುಕೊಂಡಿರ್ತಾರೆ, ಫೋನಲ್ಲಿ ಹತ್ತು ಕಿಲೋಮೀಟರ್ ಬಂದಿರತ್ತೆ, ಸ್ನೇಹಿತರೆಲ್ಲ ಚಪ್ಪಾಳೆ ತಟ್ಟಿರ್ತಾರೆ. ಥೂ. ಮಾನ ಬೇಡ್ವಾ? ನಾನು ಅಂಥವನಾ? ಆಣೆ ಮಾಡ್ತೀನಿ, ನಿನ್ನ ಮೇಲೆ ಬೇಕಾದ್ರೂ ಮಾಡ್ತೀನಿ, ಓಡೋಕೆ ಅಂತ ನಾನು ಯಾರಿಗೂ ಒಂದು ರುಪಿಯಾ ಕೊಟ್ಟಿಲ್ಲ. ಒಂದೇ ಒಂದು ರುಪಿಯಾ.

ನಿಮ್ಮ ಜೊತೆ ಓಡಲ್ಲ, ನಿಜ. ಒಬ್ಬನೇ ಓಡೋ ಜಾತಿ ನಾನು. ಬೆಳಕು ಹರಿಯೋಕೆ ಮುಂಚೆ, ಟೋಪಿ ಇರೋ ನನ್ನ ನೀಲಿ ಜಾಕೆಟ್ ಹಾಕ್ಕೊಂಡು, ಹಳಿ ಪಕ್ಕದ ಕಾಲುದಾರಿ ಹಿಡಿದು... ಬೀದಿಯವರನ್ನ ಕೇಳು, ನೀಲಿ ಜಾಕೆಟ್ ನೋಡಿದೀವಿ ಅಂತಾರೆ. ಎಲ್ಲರೂ ನೋಡಿದಾರೆ.

ಶೂ ಯಾಕೆ ತಿರುಗಿಸ್ತಿದೀಯ? ಇಡು ಕೆಳಗೆ. ಹಿರಿಯರ ಶೂ ಹಂಗೆಲ್ಲ ಎತ್ತಿ ನೋಡಬಾರದು. ಹೊಸದರ ಥರಾನೇ ಇದೆ, ಯಾಕಂದ್ರೆ ದಿನಾ ತೊಳೀತೀನಿ. ತಳಾನೂ ತೊಳೀತೀನಿ. ಆ ಪಕ್ಕದ್ದಾ? ಅದು ಸುತಾರ್ಮೀದು, ನನ್ನ ಹೆಂಡತೀದು, ಹಳೇ ಜೊತೆ. ಹಿಮ್ಮಡಿ ತೂತು ಬಿದ್ದಿದೆ, ಹೌದು. ಮಾರ್ಕೆಟ್ಟಿಗೆ ನಡೆದೂ ನಡೆದೂ ಸವೆದಿದೆ. ಹೆಂಗಸು ದಿನಾ ಸೊಪ್ಪು ತರಬೇಡ್ವಾ?

ವಾಚಾ? ಚಾರ್ಜಿಗೆ ಹಾಕಿದೀನಿ, ಒಳಗೆ. ಫೋನೂ ಅಲ್ಲೇ ಇದೆ. ಅದಕ್ಕೇ ನಿನ್ನ ಮೆಸೇಜು ನೋಡಲಿಲ್ಲ. ಇಲ್ಲ, ಇವತ್ತು ಇನ್ನೂ ಓಡಿಲ್ಲ. ಸಂಜೆ ಓಡ್ತೀನಿ. ಭಾನುವಾರ ಸ್ವಲ್ಪ ಲೇಟು.

ನೋಡು ನಿಕೆನ್, ಸುತ್ತಿ ಬಳಸಿ ಮಾತು ಬೇಡ. ಮುಂದಿನ ತಿಂಗಳ ಇಪ್ಪತ್ತೊಂದು ಕಿಲೋಮೀಟರ್ ಓಟಕ್ಕೆ ನಮ್ಮ ಬಳಗಕ್ಕೆ ಸಿಕ್ಕಿರೋದು ಐದೇ ಜಾಗ. ವಾರವಾರ ಜಾಸ್ತಿ ಓಡಿದ ಐದು ಜನಕ್ಕೆ ಅಂತ ನೀನೇ ನಿಯಮ ಮಾಡಿದೆ. ನಾನು ಎರಡನೆಯವನು. ಇವತ್ತು ಮಧ್ಯಾಹ್ನದೊಳಗೆ ಹೆಸರು ಕಳಿಸಬೇಕು. ನೀನು ಬಂದಿರೋದು ನನ್ನ ಹೆಸರು ಹೊಡೆದು ಹಾಕೋಕೆ. ಅಲ್ಲ ಅನ್ನು ನೋಡೋಣ. ನೋಡಿದ್ಯಾ, ತಲೆ ತಗ್ಗಿಸಿದೆ. ಮುದುಕ ರಸ್ತೇಲಿ ಬಿದ್ದು ಸತ್ರೆ ನಿಂಗೆ ಕೆಟ್ಟ ಹೆಸರು ಅಂತ ತಾನೇ? ಸಾಯಲ್ಲ ಕಣಮ್ಮ. ಬರೆದು ಕೊಡ್ತೀನಿ ಬೇಕಾದ್ರೆ. ಆ ಪಟ್ಟೀಲಿ ವಗಿಮಾನ್ ಅಂತ ಇರಲೇಬೇಕು. ಆ ದಿನ ನನ್ನ ನಂಬರು ಗೆರೆ ದಾಟತ್ತೆ, ನೀನೇ ನಿಂತು ನೋಡುವೆಯಂತೆ. ಹೆಂಗೆ ದಾಟತ್ತೆ ಅನ್ನೋದು ನನ್ನ ತಲೆನೋವು. ಬೀದಿ ಮೀಟಿಂಗಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟಿದೀನಿ. ಗಂಡಸು ಒಂದು ಮಾತು ಹೇಳಿದ್ಮೇಲೆ...

ನಿನ್ನ ಫೋನ್ ಸದ್ದು ಮಾಡ್ತು. ನೋಡು, ನೋಡು, ಮನೆಯವರಿರಬೇಕು. ಹೊರಡೋದಾದ್ರೆ ಹೊರಡು.

ಏನಾಯ್ತು? ಯಾಕೆ ಹಂಗೆ ನನ್ನನ್ನೇ ನೋಡ್ತೀಯ? ನಿಮ್ಮಪ್ಪ ಹುಷಾರಾಗಿದಾನೆ ತಾನೇ? ಇಲ್ಲಿ ತೋರಿಸು. ದೂರ ಹಿಡಿ, ಕನ್ನಡಕ ಹಾಕಿಲ್ಲ. ವಗಿಮಾನ್... ಹದಿನಾರು ಕಿಲೋಮೀಟರ್... ಒಂದು ಗಂಟೆ ಐವತ್ತೆರಡು ನಿಮಿಷ... ಈಗಷ್ಟೇ ಮುಗಿಸಿದ್ದಾರೆ.

ಮುಗಿಸಿದ್ದಾರೆ.

ನಿನ್ನೇದಿರಬೇಕು. ಈ ಮಿಷಿನ್ನುಗಳು ಹಂಗೇ, ಒಂದೊಂದ್ಸಲ ತಡವಾಗಿ ಹೇಳ್ತವೆ. ಮೇಲೆ ಮೋಡ ಇದ್ರೆ... ಮೋಡ ಇಲ್ಲ ಅಲ್ವಾ? ಇಲ್ಲ. ಚಪ್ಪಾಳೆ ಬೇರೆ ಶುರುವಾಯ್ತಾ? ಎಷ್ಟು? ಒಂಬತ್ತು ಜನ. ನಿಮ್ಮಪ್ಪನೂ ತಟ್ಟಿದಾನೆ.

ಏನಾದ್ರೂ ಅನ್ನು ನಿಕೆನ್. ಬೈಯಿ. ನಗು. ಚಿಕ್ಕವಳಿದ್ದಾಗ ಗೇಟಿನ ಹತ್ರ ಬಂದು ನೂರೆಂಟು ಪ್ರಶ್ನೆ ಕೇಳಿ ತಲೆ ತಿಂತಿದ್ದೆ, ಈಗ ಒಂದು ಕೇಳಬಾರದಾ?

ಸರಿ. ಹೌದು. ಲುಂಗಿ ಉಟ್ಕೊಂಡು ನಿನ್ನ ಮುಂದೆ ಬೆಲ್ಲದ ಟೀ ಕುಡೀತಾ ಹದಿನಾರು ಕಿಲೋಮೀಟರ್ ಓಡಿದೀನಿ. ಇವತ್ತು ಓಡಿದೀನಿ, ಮೊನ್ನೆ ಓಡಿದೀನಿ, ಮೂರು ತಿಂಗಳಿಂದ ಹಿಂಗೇ ಓಡ್ತಿದೀನಿ.

ಎರಡು ದಿನ ನಿಜವಾಗ್ಲೂ ಓಡಿದೆ, ಅದು ಬರ್ಕೋ. ಎರಡನೇ ದಿನ ನನ್ನದೇ ಗೇಟಿನ ಮುಂದೆ, ಮನೆಯಿಂದ ಏಳ್ನೂರು ಮೀಟರ್, ಅಷ್ಟೇ, ಕಣ್ಣು ಕತ್ತಲೆ ಬಂತು. ಕೂತುಬಿಟ್ಟೆ. ಈಗ ಗೇಟು ಕಾಯ್ತಾನಲ್ಲ, ಅವನು ನೀರು ಕುಡಿಸಿದ. ಸುತಾರ್ಮಿ ರಿಕ್ಷಾ ಹತ್ತಿಸಿ ಕರ್ಕೊಂಡು ಬಂದ್ಲು. ಇದೇ ಕುರ್ಚೀಲಿ ಕೂತಿದ್ದೆ, ನಾಳೆ ಎಲ್ಲರೂ ನಗ್ತಾರೆ ಅಂದೆ. ಅವಳಂದ್ಲು, ವಾಚು ಕೊಡಿ ಇಲ್ಲಿ, ಹೆಂಗೂ ಮಾರ್ಕೆಟ್ಟಿಗೆ ಹೋಗ್ತೀನಿ, ನಿಮ್ಮ ಹೆಸರಲ್ಲಿ ಎರಡು ಕಿಲೋಮೀಟರ್ ಬಿದ್ದಿರ್ಲಿ, ಯಾರೂ ಕೇಳಲ್ಲ. ಅಷ್ಟೇ ಇದ್ದದ್ದು. ನನ್ನ ಮಾನ ಮುಚ್ಚೋಕೆ ಹೊರಟವಳು ಅವಳು.

ಮೊದಲು ನಡೆದ್ಲು. ಆಮೇಲೆ ಒಂದಿನ, ಒಂಚೂರು ಓಡಿದೆ ಅಂದ್ಲು, ತಪ್ಪು ಮಾಡಿದವಳ ಥರ. ಎರಡು ಹೋಗಿ ಐದಾಯ್ತು. ಐದು ಹೋಗಿ ಎಂಟು. ಅವಳು ಬಂದಾಗ ಆ ಮುಖ ನೋಡಬೇಕಿತ್ತು ನೀನು. ಮೂವತ್ತೈದು ವರ್ಷ ಸಂಸಾರ ಮಾಡಿದೀನಿ ನಿಕೆನ್, ಆ ಮುಖ ಯಾವತ್ತೂ ನೋಡಿರಲಿಲ್ಲ. ಹಳಿ ಪಕ್ಕ ಕೊಕ್ಕರೆ ಬಂದಿದ್ವು, ಇವತ್ತು ಏರು ಹತ್ತೋವಾಗ ನಿಲ್ಲಲೇ ಇಲ್ಲ, ಅಂತ ಹೇಳ್ತಾ ಹೇಳ್ತಾನೇ ವಾಚು ಬಿಚ್ಚಿ ನನ್ನ ಕೈಗೆ ಕಟ್ತಾಳೆ. ದಿನಾ ಹಂಗೇ. ಒಳಗೆ ಕಾಲಿಟ್ಟ ತಕ್ಷಣ ಮೊದಲು ವಾಚು ನನ್ನ ಕೈಗೆ. ಆಮೇಲೆ ನೀರು ಕುಡೀತಾಳೆ. ನಾನು ಅದನ್ನ ಕಟ್ಕೊಂಡು ಬೀದಿಗೆ ಹೋಗಿ ನಿಲ್ತೀನಿ, ಜನ ಶಭಾಷ್ ಅಂತಾರೆ. ನೀನು ನನ್ನ ಹೆಸರು ಬರೆಸಿದ ಟೀ ಶರ್ಟು ಕೊಟ್ಟೆಯಲ್ಲ, ಅದನ್ನ ಒಗೆಯೋಳೂ ಅವಳೇ.

ಇನ್ನೂ ಎದ್ದು ಹೊರಡಲಿಲ್ಲ ನೀನು. ಇನ್ನೂ ಇದೆ ಅಂತ ಗೊತ್ತಾಯ್ತಾ ನಿಂಗೆ?

ಗುರುವಾರ ಅಕ್ಕಿ ತೊಳೀತಾ ಕೇಳಿದ್ಲು. ನನ್ನ ಕಡೆ ನೋಡದೇನೇ. "ಆ ಇಪ್ಪತ್ತೊಂದು ಕಿಲೋಮೀಟರ್ ನಾನು ಓಡಬಲ್ಲೆ ಅನ್ಸತ್ತೆ. ಆ ಒಂದು ದಿನ ನನ್ನ ಹೆಸರಲ್ಲಿ ಓಡ್ಲಾ?" ಅಂದ್ಲು. ನಾನೇನಂದೆ ಗೊತ್ತಾ? ಜನ ನನ್ನನ್ನ ಏನಂತಾರೆ, ಅಂದೆ. ನನ್ನ ನಂಬರು ಕಟ್ಕೊಂಡು, ಜಾಕೆಟ್ ಟೋಪಿ ಎಳ್ಕೊಂಡು ಓಡು, ಯಾರಿಗೂ ಗೊತ್ತಾಗಲ್ಲ, ಅಂದೆ. ಅವಳು ಅಕ್ಕಿ ತೊಳೆದ ನೀರು ಗಿಡಕ್ಕೆ ಹಾಕಿದ್ಲು. ಮಾರನೇ ದಿನ ಹನ್ನೊಂದು ಓಡಿ ಬಂದು ವಾಚು ನನ್ನ ಕೈಗೆ ಕಟ್ಟಿದ್ಲು. ಆ ಕೊಕ್ಕರೆ ಬಂದಿದ್ವಾ ಅಂತ ನಾನೇ ಕೇಳಿದೆ. ನೋಡಲಿಲ್ಲ ಅಂದ್ಲು.

ಇದೇ ನಾನು ಮುಚ್ಚಿಟ್ಟಿದ್ದು. ವಾಚಲ್ಲ. ಇದು.

ಗೇಟು ಕಿರ್ರ್ ಅಂತು. ತಿರುಗಬೇಡ... ಸರಿ, ತಿರುಗು. ನೋಡು.

ಬಾರೇ ಒಳಗೆ. ಅಲ್ಲೇ ಯಾಕೆ ನಿಂತೆ? ಸೊಪ್ಪಿನ ಚೀಲ ಬೆನ್ನ ಹಿಂದೆ ಯಾಕೆ ಬಚ್ಚಿಟ್ಕೋತೀಯ, ಸೊಪ್ಪು ಕದ್ದು ತಂದ್ಯಾ? ನನ್ನ ಮುಖ ನೋಡಬೇಡ, ಹೇಳಿಯಾಯ್ತು. ಎಲ್ಲಾ ಹೇಳಿಯಾಯ್ತು. ಜಾಕೆಟ್ ತೆಗಿ, ಬೆವರು ಹೆಂಗೆ ಸುರೀತಿದೆ ನೋಡು.

ಈಗ ಹೇಳು ನಿಕೆನ್. ಅವಳ ಮುಖ ನೋಡ್ಕೊಂಡು ಹೇಳು, ವಾರಕ್ಕೆ ನಲವತ್ತೆಂಟು ಆಗೋ ಮಾತಲ್ಲ ಅಂತ. ಆ ಕಾಗದ ತೆಗೆದು ಅವಳಿಗೆ ಓದಿ ಹೇಳು. ಐವತ್ತೇಳು ವರ್ಷ ಅವಳಿಗೆ. ನಾಲ್ಕು ಗಂಟೆಗೆ ಎದ್ದು ಅನ್ನಕ್ಕಿಟ್ಟು ಹೋಗ್ತಾಳೆ, ಬರೋವಾಗ ಸೊಪ್ಪು ತರ್ತಾಳೆ. ಮಾರ್ಕೆಟ್ಟಿಗೆ ಹೊರೆ ಹೊತ್ತ ಕಾಲು ಅದು, ಮೂರು ತಿಂಗಳಲ್ಲಿ ಬಂದಿದ್ದಲ್ಲ. ಆ ಎದೆಬಡಿತ ಅವಳದು. ಆ ಏರು ಅವಳು ಹತ್ತಿದ್ದು. ಎರಡನೇ ಜಾಗ ಅವಳದು, ನಿಯಮ ನೀನೇ ಮಾಡಿದ್ದು, ಈಗ ಮಾತು ತಪ್ಪಬೇಡ. ಬೀದಿಯವರು ಏನಾದ್ರೂ ಅಂದ್ಕೊಳ್ಳಲಿ. ನಾನೇ ಮೀಟಿಂಗಲ್ಲಿ ಎದ್ದು ನಿಂತು ಹೇಳ್ತೀನಿ. ನಗೋರು ಬಂದು ಅವಳ ಜೊತೆ ಸೇತುವೆ ತನಕ ಓಡಿ, ಆಮೇಲೆ ನಗಲಿ.

ಬರಿ. ಪೆನ್ನು ತೆಗಿ. ಬೂ ವಗಿಮಾನ್ ಅಂತ ಬರೀಬೇಡ. ಈ ಬೀದಿಗೆ ಬಂದಾಗಿಂದ ಎಲ್ಲರೂ ಅವಳನ್ನ ನನ್ನ ಹೆಸರಲ್ಲೇ ಕರೆದದ್ದು ಸಾಕು. ಸುತಾರ್ಮಿ ಅಂತ ಬರಿ. ಅಷ್ಟೇ, ಮುಂದೆ ಹಿಂದೆ ಏನೂ ಇಲ್ಲ, ಅವಳಪ್ಪ ಇಟ್ಟಿದ್ದು ಅಷ್ಟೇ. ಸುತಾರ್ಮಿ. ದೊಡ್ಡ ಅಕ್ಷರದಲ್ಲಿ.

ನಂದಾ? ನಂಗೆ ಆ ಹದಿನೈದೂ ಬೇಡ, ಹೊಡೆದು ಹಾಕು. ಇಲ್ಲಿಂದ ಗೇಟಿಗೆ ಏಳ್ನೂರು ಮೀಟರ್. ಹೋಗಿ ಬರೋದು, ವಾರಕ್ಕೆ ಮೂರು ದಿನ. ಎಷ್ಟಾಯ್ತು? ನಾಲ್ಕು ಚಿಲ್ಲರೆ. ನಾಲ್ಕು ಬರಿ. ನಡೆದು, ಅಂತಾನೂ ಬರಿ. ಗೇಟಿನ ಹತ್ರ ಸ್ವಲ್ಪ ಹೊತ್ತು ಕೂರ್ತೀನಿ, ಅದು ನಂಗೆ ಚೆನ್ನಾಗಿ ಬರತ್ತೆ. ಯಾಕೆ ನಗ್ತೀಯ? ನಿನ್ನಲ್ಲ ನಿಕೆನ್, ಅವಳನ್ನ ಕೇಳಿದ್ದು.

ಏ, ಏನ್ಮಾಡ್ತಿದೀಯ ಸುತಾರ್ಮಿ? ಮೊದಲು ನೀರು ಕುಡಿ. ಬೇಡ, ಇಲ್ಲಿ ತರಬೇಡ, ನನ್ನ ಕೈ ಬಿಡು. ಬಿಚ್ಚಬೇಡ ಅಂದ್ನಲ್ಲ. ವಾಚು ನಿನ್ನ ಕೈಯಲ್ಲೇ ಇರ್ಲಿ.