ಒಂಟೆಯ ಹೊಟ್ಟೆಗೆ ಯಾರು ಸಾಕ್ಷಿ

ರಾಜಸ್ಥಾನದ ಸಾದ್ರಿಯ ಕಂಪ್ಯೂಟರ್ ಅಂಗಡಿಯಲ್ಲಿ ಪಿಂಚಣಿ ಅರ್ಜಿ ಹಿಡಿದು ನಿಂತಿದ್ದ ಗೇರಾದೇವಿಗೆ, ಮುಂದಿನವರ ಮಾತು ಕೇಳುತ್ತಾ ಕಾಲುನೋವೇ ಮರೆತುಹೋಯಿತು. ಮುಂದಿದ್ದವರು ಒಂಟೆ ಸಾಕುವ ರಾಯಕ ಸಮುದಾಯದ ಗುಮಾನಾರಾಮ, ಮತ್ತು ಡಾಕ್ಟರ್ ಓದಲು ಪ್ರವೇಶ ಪರೀಕ್ಷೆ ಬರೆದಿದ್ದ ಅವನ ಮಗಳು ಸುಗನಾ.

"ಒಂಟೆ ಹೊಟ್ಟೇಲಿ ಎಷ್ಟು ಕೋಣೆ ಅಂತ ಕೇಳಿದ್ರು ಬಾಪೂ. ನಾನು ಮೂರು ಅಂದೆ. ಅವರ ಉತ್ತರಪಟ್ಟೀಲಿ ನಾಲ್ಕು ಅಂತಿದೆ."

"ನಾಲ್ಕು ಹಸೂಗೆ ಕಣೇ! ಪಟ್ಟಿ ಬರೆದ ಪುಣ್ಯಾತ್ಮ ಒಂಟೇನ ಕ್ಯಾಲೆಂಡರಲ್ಲಿ ನೋಡಿರಬೇಕು."

"ತಪ್ಪುತ್ತರದ ದಂಡ ಸೇರಿ ಐದು ಅಂಕ ಹೋಗತ್ತೆ, ಅದರ ಹಿಂದೆ ಸೀಟೂ ಹೋಗತ್ತೆ. ತಕರಾರು ಹಾಕೋಕೆ ಇವತ್ತೇ ಕೊನೇ ದಿನ."

"ಹಾಕು ಮತ್ತೆ. ನಮ್ಮ ಮುದಿ ಒಂಟೆ ಸತ್ತಾಗ ಪಶು ಡಾಕ್ಟ್ರು ಕೊಯ್ದು ತೋರಿಸಿದ್ರು, ನಾನೇ ಎಣಿಸಿದೀನಿ ಅಂತ ಬರಿ. ಹೆಬ್ಬೆಟ್ಟು ಒತ್ತುತೀನಿ."

"ಹೆಬ್ಬೆಟ್ಟು ನಡೆಯಲ್ಲ ಕಾಕಾ," ಅಂಗಡಿಯವನು ನಕ್ಕ. "ಅಚ್ಚಾದ ಪುಸ್ತಕದ ಪುಟ ಬೇಕು."

"ಒಂಟೆ ಮೊದಲು ಹುಟ್ಟಿದ್ದೋ, ಪುಸ್ತಕ ಮೊದಲು ಹುಟ್ಟಿದ್ದೋ?"

"ಸುಮ್ನಿರು ಬಾಪೂ. ಆ ಡಾಕ್ಟ್ರ ಪುಸ್ತಕಾನೇ ಕೇಳಿ ತಂದಿದೀನಿ."

ತಕರಾರಿನ ಜೊತೆ ಪುಟ ಹೋಯಿತು, ರಸೀದಿ ಬಂತು. ಗುಮಾನಾರಾಮ ಅದನ್ನು ಕೆಂಪು ಪೇಟದ ಮಡಿಕೆಯಲ್ಲಿ ಸಿಕ್ಕಿಸಿಕೊಂಡ.

"ಅವರು ಒಪ್ಪದಿದ್ರೆ?"

"ಬರೋ ವರ್ಷ ಮತ್ತೆ ಪರೀಕ್ಷೆ ಬರೀತೀನಿ."

"ಆಗಲೂ ಒಂಟೇನೇ ಕೇಳಿದ್ರೆ? ನಾಲ್ಕು ಅಂತ ಬರೆದು ಸೀಟು ತಗೋತೀಯಾ?"

"ಮೂರೇ ಬರೀತೀನಿ."

"ಹಂಗಾದ್ರೆ ನಡಿ, ಜಿಲೇಬಿ ತಿನ್ನೋಣ. ಅವರ ಪಟ್ಟಿ ಏನಾದ್ರೂ ಹೇಳ್ಲಿ, ನೀನು ಪಾಸು."

ಇಬ್ಬರೂ ನಗುತ್ತಾ ಮೆಟ್ಟಿಲಿಳಿದು ಹೋದರು.